ಸಂಜೆಯಾದರೆ ಎಡವುವ ಮಗು: ಬಿಳಿ ಇಲಿ ಕಲಿಸಿದ ಪಾಠ

ದೀಪ ಹಚ್ಚುವ ಹೊತ್ತು. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಹಿತ್ತಲಿನಿಂದ ಎರಡು ಎಸಳು ಕರಿಬೇವು ತಾ ಎಂದು ಮಗನನ್ನು ಕಳಿಸುತ್ತೀರಿ. ಹೋದವನು ಬಕೆಟ್ ಎಡವಿ ಬೀಳುತ್ತಾನೆ. "ಕಣ್ಣೇನು ನೆತ್ತಿ ಮೇಲಿದೆಯೇನೋ?" ಎಂದು ಗದರುತ್ತೀರಿ. ಮರುದಿನ ಬೆಳಿಗ್ಗೆ ಅದೇ ಹುಡುಗ ಅದೇ ಹಿತ್ತಲಲ್ಲಿ ಚೆಂಡಾಡುತ್ತಾನೆ, ಪುಸ್ತಕದ ಸಣ್ಣ ಅಕ್ಷರವನ್ನೂ ಓದುತ್ತಾನೆ. 'ಕೆಲಸಗಳ್ಳ, ನಾಟಕ ಆಡ್ತಾನೆ' ಅಂತ ಮನೆಯವರೆಲ್ಲ ತೀರ್ಮಾನ ಮಾಡಿಬಿಡ್ತಾರೆ.

ಒಂದು ದಿನದ ಮಾತಾದರೆ ಸರಿ. ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಸ್ವಲ್ಪ ತಡೆಯಿರಿ, ಸೋದರಿಯರೇ. ಅದು ಇರುಳುಗಣ್ಣು ಆಗಿರಬಹುದು.

ಇರುಳುಗಣ್ಣು ಎಂದ ಕೂಡಲೇ ನಮಗೆ ನೆನಪಾಗುವುದು 'ಎ' ಜೀವಸತ್ವದ ಕೊರತೆ. ಅದು ನಿಜವೇ. ಆ ಕಾರಣವಾದರೆ ಔಷಧಿ, ಸೊಪ್ಪು, ಪಪ್ಪಾಯಿಗಳಿಂದ ಗುಣವೂ ಆಗುತ್ತದೆ. ಆದರೆ ಇನ್ನೊಂದು ಬಗೆ ಇದೆ. ಅದು ವಂಶದಿಂದ ಬರುವಂಥದು. ವೈದ್ಯರು ಅದನ್ನು ರೆಟಿನೈಟಿಸ್ ಪಿಗ್ಮೆಂಟೋಸಾ ಎನ್ನುತ್ತಾರೆ. ಎಷ್ಟು ಕ್ಯಾರೆಟ್ ತಿನ್ನಿಸಿದರೂ ಅದು ಹೋಗದು. ಈ ಕಾಯಿಲೆಯ ಒಳಗುಟ್ಟನ್ನು ನಮಗೆ ಬಿಡಿಸಿ ಹೇಳಿದ್ದು ಯಾರು ಗೊತ್ತೇ? ಪುಟ್ಟ ಬಿಳಿ ಇಲಿ!

ಪಂಜರದಲ್ಲಿ ಕಂಡದ್ದು

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳು ಪೊರೆಯಿದೆ. ಬೆಳಕನ್ನು ಹಿಡಿಯುವ ಎರಡು ಬಗೆಯ ಕೋಶಗಳು ಅದರಲ್ಲಿವೆ. ಕಡ್ಡಿಯಂತಿರುವ ದಂಡಕೋಶಗಳು ಮಬ್ಬು ಬೆಳಕಿನಲ್ಲಿ ಕಾಣಲು. ಶಂಕುವಿನಂತಿರುವ ಶಂಕುಕೋಶಗಳು ಹಗಲು ಬೆಳಕಿಗೆ, ಬಣ್ಣಕ್ಕೆ, ಓದಿಗೆ.

1924ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಲೈಡ್ ಕೀಲರ್ ಎಂಬುವರು ಒಂದು ವಿಚಿತ್ರವನ್ನು ಪ್ರಕಟಿಸಿದರು. ಅವರು ಸಾಕಿದ ಕೆಲವು ಬಿಳಿ ಇಲಿಗಳ ಕಣ್ಣಲ್ಲಿ ದಂಡಕೋಶಗಳೇ ಇರಲಿಲ್ಲ! ಅದು ತಂದೆತಾಯಿಯಿಂದ ಮರಿಗಳಿಗೆ ಲೆಕ್ಕಾಚಾರವಾಗಿ ಇಳಿದು ಬರುತ್ತಿತ್ತು. ಇಂಥ ಇಲಿ ಪಂಜರದಲ್ಲಿ ಓಡಾಡುವುದನ್ನು ನೋಡಿದರೆ ಕುರುಡೆಂದು ಗೊತ್ತೇ ಆಗದು. ಮೀಸೆಯಿಂದ ತಡವಿ, ಮೂಗಿನಿಂದ ಮೂಸಿ ಸಲೀಸಾಗಿ ತಿರುಗುತ್ತದೆ.

ನಮ್ಮ ಮಕ್ಕಳೂ ಹಾಗೇ ಅಲ್ಲವೇ? ಸ್ವಂತ ಮನೆಯಲ್ಲಿ ಹೊಸಿಲು ಎಲ್ಲಿದೆ, ಮೆಟ್ಟಿಲು ಎಷ್ಟಿದೆ ಎಂದು ಕಾಲಿಗೇ ಗೊತ್ತು. ಮದುವೆ ಛತ್ರಕ್ಕೋ ಕತ್ತಲ ಸಿನಿಮಾ ಮಂದಿರಕ್ಕೋ ಹೋದಾಗಲೇ ತೊಂದರೆ ಬಯಲಾಗೋದು.

ಬಚ್ಚಲ ತೂಬು ಕಟ್ಟಿದಂತೆ

ಆ ಇಲಿಗಳ ಕಣ್ಣು ಹಾಳಾಗುವ ವೇಗ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇಲಿಮರಿ ಕಣ್ಣು ಬಿಡುವುದು ಎರಡು ವಾರದ ಹೊತ್ತಿಗೆ. ಅದಕ್ಕೂ ಮೊದಲೇ, ಹುಟ್ಟಿದ ಎಂಟು ಹತ್ತು ದಿನಕ್ಕೆ ದಂಡಕೋಶಗಳು ಸಾಯತೊಡಗುತ್ತವೆ. ಮೂರು ವಾರ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮುಗಿದಿರುತ್ತವೆ.

ಹೀಗೇಕೆ? ಬಚ್ಚಲಿನಲ್ಲಿ ನಲ್ಲಿ ಬಿಟ್ಟಿದೆ, ತೂಬು ಕಟ್ಟಿಕೊಂಡಿದೆ ಎಂದಿಟ್ಟುಕೊಳ್ಳಿ. ನೀರು ತುಂಬಿ ಉಕ್ಕುತ್ತದೆ ತಾನೇ? ದಂಡಕೋಶದಲ್ಲಿ ಒಂದು ರಾಸಾಯನಿಕ ಸದಾ ತಯಾರಾಗುತ್ತಿರುತ್ತದೆ, ಒಂದು ಕಿಣ್ವ ಅದನ್ನು ಒಡೆದು ಖಾಲಿ ಮಾಡುತ್ತಿರುತ್ತದೆ. ಈ ಇಲಿಗಳಲ್ಲಿ ಆ ಕಿಣ್ವ ಕೆಲಸ ಮಾಡದು. ರಾಸಾಯನಿಕ ತುಂಬಿ ಕೋಶವೇ ಸಾಯುತ್ತದೆ. ಹೀಗೆ ತುಂಬಿಕೊಳ್ಳುವುದನ್ನು 1974ರಲ್ಲಿ ಕಂಡುಹಿಡಿದರು. ಕೆಟ್ಟಿರುವ ವಂಶವಾಹಿ ಯಾವುದೆಂದು 1990ರಲ್ಲಿ ತಿಳಿಯಿತು. ಪಿಡಿಇ6ಬಿ ಎಂದು ಅದರ ಹೆಸರು. 1993ರಲ್ಲಿ ಅದೇ ವಂಶವಾಹಿಯ ದೋಷ ಮನುಷ್ಯರಲ್ಲೂ ಸಿಕ್ಕಿತು!

ಎಲ್ಲ ಇಲಿಗಳಿಗೂ ಇದೇ ವೇಗವಿಲ್ಲ. ಬೇರೊಂದು ತಳಿಯಲ್ಲಿ, ಬೇರೊಂದು ವಂಶವಾಹಿ ಕೆಟ್ಟು, ದೃಷ್ಟಿಕೋಶಗಳು ಪೂರ್ತಿ ನಶಿಸಲು ವರ್ಷವೇ ಹಿಡಿಯುತ್ತದೆ. ಮನುಷ್ಯರಲ್ಲೂ ಹಾಗೆಯೇ. ಒಬ್ಬರಿಗೆ ಬಾಲ್ಯದಲ್ಲೇ ಮಸುಕು, ಇನ್ನೊಬ್ಬರು ಐವತ್ತು ದಾಟಿದರೂ ಓದುತ್ತಾರೆ. ಆದ್ದರಿಂದ 'ಅವರ ಮನೆ ಹುಡುಗಿಗೆ ಹೀಗಾಯ್ತಂತೆ' ಎಂದು ನಿಮ್ಮ ಮಗುವಿನ ಭವಿಷ್ಯ ಅಳೆಯಬೇಡಿ.

ಮೊದಲು ಇರುಳು, ಆಮೇಲೆ ಹಗಲು

ಇನ್ನೊಂದು ಮುಖ್ಯ ವಿಷಯ. ಪಿಡಿಇ6ಬಿ ಕೆಟ್ಟಾಗ ದೋಷ ಇರುವುದು ದಂಡಕೋಶದಲ್ಲಿ ಮಾತ್ರ. ಶಂಕುಕೋಶಕ್ಕೆ ಅದರ ಗೊಡವೆಯೇ ಇಲ್ಲ. ಆದರೂ ದಂಡಕೋಶಗಳು ಸತ್ತ ಮೇಲೆ ಶಂಕುಕೋಶಗಳೂ ತಿಂಗಳುಗಟ್ಟಲೆ ನಿಧಾನವಾಗಿ ಸೊರಗುತ್ತವೆ. ಒಂದರ ಆಸರೆಯಲ್ಲಿ ಇನ್ನೊಂದು ಬದುಕುವುದರಿಂದ ಹೀಗೆ. ದಂಡಕೋಶಗಳಿಂದ ಬರುವ ಒಂದು ಪ್ರೋಟೀನು ಶಂಕುಕೋಶಗಳನ್ನು ಕಾಪಾಡುತ್ತದೆಂದು 2004ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ತೋರಿಸಿದರು.

ಅದಕ್ಕೇ ರೋಗಿಗೆ ಮೊದಲು ರಾತ್ರಿ ಕಾಣದು. ಆಮೇಲೆ ಪಕ್ಕದ ನೋಟ ಕುಗ್ಗಿ, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ನಡುವಿನ ನೋಟ ಕೊನೆಗೆ ಮಸುಕಾಗುವುದು. ಇರುಳು ಕಾಣದಿರುವುದಕ್ಕೂ ಹಗಲು ಮಸುಕಾಗುವುದಕ್ಕೂ ನಡುವೆ ವರ್ಷಗಳ ಅವಕಾಶವಿದೆ. ಚಿಕಿತ್ಸೆಯ ಆಸೆಯೆಲ್ಲ ಇರುವುದು ಈ ಅವಧಿಯಲ್ಲೇ.

ಆರ್‌ಪಿಇ65 ಎಂಬ ಇನ್ನೊಂದು ವಂಶವಾಹಿ ಕೆಟ್ಟ ಇಲಿಗಳಿಗೂ ನಾಯಿಗಳಿಗೂ ಸರಿಯಾದ ವಂಶವಾಹಿಯನ್ನು ಕಣ್ಣಿಗೇ ಚುಚ್ಚಿ ಕೊಟ್ಟಾಗ ನೋಟ ಮರಳಿತು. ಅದೇ ದಾರಿಯ ಔಷಧಿ ಲಕ್ಸ್‌ಟರ್ನಾಕ್ಕೆ ಅಮೆರಿಕ 2017ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಅದು ಆ ಒಂದೇ ವಂಶವಾಹಿಯ ದೋಷಕ್ಕೆ. ಬೆಲೆಯೋ, ಎರಡು ಕಣ್ಣಿಗೆ ಎಂಟೂವರೆ ಲಕ್ಷ ಡಾಲರ್ ಎಂದು ನಿಗದಿಯಾಯಿತು! ಜೊತೆಗೆ, ಬದುಕಿರುವ ಕೋಶಗಳಿದ್ದರೆ ಮಾತ್ರ ಫಲ. ಸತ್ತ ಕೋಶಕ್ಕೆ ಅದು ಜೀವ ಕೊಡದು.

ನಮ್ಮ ಮನೆಯ ಮಾತು

ಪಿಡಿಇ6ಬಿಯಂಥ ದೋಷದಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಪ್ರತಿ ಬಂದರೇನೇ ಮಗುವಿಗೆ ಕಾಯಿಲೆ. ಒಂದೇ ಇದ್ದವರಿಗೆ ಏನೂ ಆಗದು, ಅವರಿಗೆ ಗೊತ್ತೂ ಇರದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಒಂದೇ ವಂಶದವರಾದ್ದರಿಂದ ಇಬ್ಬರಲ್ಲೂ ಅದೇ ದೋಷವಿರುವ ಸಂಭವ ಹೆಚ್ಚು. ಮನೆತನದಲ್ಲಿ ಇರುಳುಗಣ್ಣು ಇದ್ದರೆ ಸಂಬಂಧ ಗೊತ್ತುಮಾಡುವ ಮುನ್ನ ವಂಶವಾಹಿ ತಜ್ಞರನ್ನು ಕೇಳಿ. ಬೇರೆ ರೀತಿಯಲ್ಲಿ ಇಳಿದು ಬರುವ ಬಗೆಗಳೂ ಇವೆ. ಯಾವುದೇ ಇರಲಿ, "ನಿನ್ನ ಹೊಟ್ಟೇಲಿ ಹುಟ್ಟಿದ್ದಕ್ಕೇ ಹೀಗಾಯ್ತು" ಎಂದು ಸೊಸೆಯನ್ನು ಹಂಗಿಸುವುದು ಮಾತ್ರ ಶುದ್ಧ ಅನ್ಯಾಯ.

ನೀವು ಮಾಡಬೇಕಾದ್ದು

• ಮುಸ್ಸಂಜೆಯಲ್ಲಿ ಎಡವುವುದು, ಬಿದ್ದ ವಸ್ತು ತಡಕಾಡುವುದು, ಪಕ್ಕದಲ್ಲಿ ಬಂದವರಿಗೆ ಡಿಕ್ಕಿ ಹೊಡೆಯುವುದು ಕಂಡರೆ ಕಣ್ಣಿನ ವೈದ್ಯರಲ್ಲಿ ರೆಟಿನಾ ಪರೀಕ್ಷೆ ಮಾಡಿಸಿ. ಕನ್ನಡಕದ ನಂಬರು ನೋಡಿಸಿದರೆ ಸಾಲದು.

• 'ಎ' ಜೀವಸತ್ವದ ಮಾತ್ರೆಗಳನ್ನು ನೀವೇ ತಂದು ನುಂಗಿಸಬೇಡಿ. ಅತಿಯಾದರೆ ವಿಷ. ಬಸುರಿಯರಿಗಂತೂ ಹೊಟ್ಟೆಯ ಕೂಸಿಗೇ ಅಪಾಯ.

• 'ಖಂಡಿತ ಗುಣ' ಎನ್ನುವ ಜಾಹೀರಾತುಗಳಿಗೆ ಒಡವೆ ಅಡವಿಡಬೇಡಿ. ಸಾಧ್ಯವಾದರೆ ವಂಶವಾಹಿ ಪರೀಕ್ಷೆ ಮಾಡಿಸಿ. ಯಾವ ದೋಷವೆಂದು ತಿಳಿದರೇನೇ ಯಾವ ಚಿಕಿತ್ಸೆಗೆ ಕಾಯಬಹುದೆಂದು ತಿಳಿಯುವುದು.

• ಅಂಗಳಕ್ಕೊಂದು ಪ್ರಖರ ದೀಪ, ಮಗುವಿನ ಕೈಗೊಂದು ಟಾರ್ಚು ಇರಲಿ. ಓಡಾಡುವ ದಾರಿಯಲ್ಲಿ ಬಿಂದಿಗೆ, ಮಣೆ ಇಡಬೇಡಿ. ಶಾಲೆಯ ಮೇಷ್ಟರಿಗೂ ವಿಷಯ ತಿಳಿಸಿ.

ಇವತ್ತು ಸಂಜೆ ಮಗು ಮತ್ತೆ ಎಡವಿದರೆ ಗದರಬೇಡಿ. ಹತ್ತಿರ ಕೂರಿಸಿಕೊಂಡು, "ಕತ್ತಲಾದ ಮೇಲೆ ನಿನಗೆ ಹೇಗೆ ಕಾಣುತ್ತೆ ಪುಟ್ಟಾ?" ಅಂತ ಕೇಳಿ. ಹುಟ್ಟಿದಾಗಿನಿಂದ ಹಾಗೇ ಕಂಡಿದ್ದರೆ, ಎಲ್ಲರಿಗೂ ಹೀಗೇ ಕಾಣುತ್ತೇನೋ ಎಂದು ಅದು ತಿಳಿದಿರಬಹುದು. ಕೇಳುವವರೆಗೆ ಅದು ಹೇಳುವುದಿಲ್ಲ.