ಅಗಲ ಬೇರೆ, ಎತ್ತರ ಒಂದೇ

21 ಇಂಚಿನ ಚಕ್ರಗಳಿರುವ ಬಿಎಂಡಬ್ಲ್ಯು ಎಕ್ಸ್5 ಎಲ್ಲಾದರೂ ನಿಂತಿದ್ದರೆ ಅದರ ಟೈರುಗಳ ಪಕ್ಕೆಯ ಮೇಲಿನ ಅಂಕಿಗಳನ್ನು ಓದಿ ನೋಡಿ. ಮುಂದಿನದರ ಮೇಲೆ 275/40 ಆರ್21, ಹಿಂದಿನದರ ಮೇಲೆ 315/35 ಆರ್21 ಎಂದಿರುವುದುಂಟು. ಅಂದರೆ ಹಿಂದಿನ ಟೈರು ಮುಂದಿನದಕ್ಕಿಂತ ನಾಲ್ಕು ಸೆಂಟಿಮೀಟರ್ ಅಗಲ. ಟೈರಿನವರು ಇದನ್ನು ಸ್ಟ್ಯಾಗರ್ಡ್ ಅನ್ನುತ್ತಾರೆ. ನಾಲ್ಕೂ ಒಂದೇ ಅಳತೆಯಾದರೆ ಅದು ಸ್ಕ್ವೇರ್. ಹಿಂದೆ ದಪ್ಪ ಟೈರು ಹಾಕುವುದು ಬರೀ ಗತ್ತಿಗೆ ಎಂದು ತುಂಬ ಜನ ತಿಳಿದಿದ್ದಾರೆ. ಆ ಅಂಕಿಗಳನ್ನು ಬಿಡಿಸಿ ನೋಡಿದರೆ ಅದರ ಹಿಂದಿರುವ ಕಸುಬು ಕಾಣುತ್ತದೆ.

ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ ಆ ಅಗಲದಲ್ಲಿ ಶೇಕಡಾ ಎಷ್ಟು ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. 275ರಲ್ಲಿ ಶೇ. 40 ಎಂದರೆ 110 ಮಿ.ಮೀ. 315ರಲ್ಲಿ ಶೇ. 35 ಎಂದರೆ 110.25 ಮಿ.ಮೀ. ಮೇಲೊಂದು ಪಕ್ಕೆ, ಕೆಳಗೊಂದು ಪಕ್ಕೆ, ನಡುವೆ 533.4 ಮಿ.ಮೀ. ರಿಮ್ಮು. ಕೂಡಿದರೆ ಮುಂದಿನ ಚಕ್ರದ ಎತ್ತರ 753.4, ಹಿಂದಿನದು 753.9. ಅಗಲದಲ್ಲಿ 40 ಮಿ.ಮೀ. ಹೆಚ್ಚಿದರೂ ಎತ್ತರದಲ್ಲಿ ಆದ ವ್ಯತ್ಯಾಸ ಅರ್ಧ ಮಿಲಿಮೀಟರ್. ಇದು ಕಾಗದದ ಮೇಲಿನ ಲೆಕ್ಕ, ನಿಜವಾದ ಟೈರಿನಲ್ಲಿ ಒಂದೊಂದು ಕಂಪನಿಯದು ಕೆಲವು ಮಿಲಿಮೀಟರ್ ಆಚೀಚೆ ಇರುತ್ತದೆ. ಆದರೂ ಉದ್ದೇಶ ಸ್ಪಷ್ಟ: ಅಗಲವನ್ನು ಎಷ್ಟು ಬೇಕಾದರೂ ಬದಲಿಸು, ಎತ್ತರ ಕೆಡಿಸಬೇಡ.

ಈ ಲೆಕ್ಕ ಹೊಸದಲ್ಲ. ಪೋರ್ಷೆ ಕಂಪನಿ 1972ರಲ್ಲಿ ತೋರಿಸಿದ 911 ಕರೇರಾ ಆರ್‌ಎಸ್ 2.7 ಕಾರಿಗೆ ಮುಂದೆ 185/70, ಹಿಂದೆ 215/60 ಅಳತೆಯ 15 ಇಂಚಿನ ಟೈರುಗಳಿದ್ದವು. ಲೆಕ್ಕ ಹಾಕಿ: 640 ಮಿ.ಮೀ., 639 ಮಿ.ಮೀ. ಆ ಕಾರಿನ ಎಂಜಿನ್ ಹಿಂದಿನ ಆಕ್ಸಲ್‌ನಿಂದಲೂ ಆಚೆಗೆ ಇತ್ತು. ಅಷ್ಟೊಂದು ಭಾರ ಬಾಲದಲ್ಲಿದ್ದಾಗ ಹಿಂದಿನ ಟೈರಿಗೆ ಹೆಚ್ಚಿನ ಹಿಡಿತ ಬೇಕಿತ್ತು. ಅದೇ ಪೋರ್ಷೆಯ ಮಕಾನ್ ಎಸ್‌ಯುವಿಯಲ್ಲಿ ಮುಂದೆ 235/60 ಆರ್18, ಹಿಂದೆ 255/55 ಆರ್18 ಇರುತ್ತಿದ್ದುದುಂಟು. ಅಲ್ಲಿಯೂ ಎತ್ತರದ ವ್ಯತ್ಯಾಸ ಒಂದೂವರೆ ಮಿಲಿಮೀಟರ್. ರೇಸಿಗೆಂದೇ ಹಗುರವಾಗಿ ಕಟ್ಟಿದ ಕಾರಿಗೂ, ಮಕ್ಕಳನ್ನು ಶಾಲೆಗೆ ಬಿಡುವ ಎಸ್‌ಯುವಿಗೂ ನಿಯಮ ಒಂದೇ.

ಹಿಂದೆಯೇ ಯಾಕೆ ಅಗಲ? ತಿರುವಿನಲ್ಲಿ ಗಾಡಿ ವೇಗ ಮೀರಿದಾಗ ಯಾವುದಾದರೂ ಒಂದು ಜೊತೆ ಟೈರು ಮೊದಲು ಹಿಡಿತ ಬಿಡುತ್ತದೆ. ಮುಂದಿನವು ಬಿಟ್ಟರೆ ಗಾಡಿ ಅಂದುಕೊಂಡದ್ದಕ್ಕಿಂತ ಹೊರಗೆ ಹೋಗುತ್ತದೆ. ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ದಾರಿಗೆ ಬರುತ್ತದೆ. ಹಿಂದಿನವು ಮೊದಲು ಬಿಟ್ಟರೆ ಬಾಲ ಬೀಸುತ್ತದೆ. ಅದನ್ನು ಸ್ಟಿಯರಿಂಗ್‌ನಲ್ಲಿ ಹಿಡಿದು ನಿಲ್ಲಿಸುವುದು ಪಳಗಿದವರಿಗೇ ಕಷ್ಟ. ಎರಡು ಟನ್ನಿಗೂ ಮೀರಿದ, ಎತ್ತರದಲ್ಲಿ ಭಾರ ಹೊತ್ತ ಎಸ್‌ಯುವಿಯಲ್ಲಿ ಅದು ಗಾಡಿ ಮಗುಚುವವರೆಗೂ ಹೋಗಬಹುದು. ಹಿಂದಿನ ಟೈರಿಗೆ ಅಗಲ ಕೊಟ್ಟರೆ ಅಡ್ಡ ಒತ್ತಡ ಬಂದಾಗ ಅದು ಕಡಿಮೆ ಓರೆಯಾಗುತ್ತದೆ, ಬಾಲ ಸುಲಭವಾಗಿ ಹಿಡಿತ ಬಿಡುವುದಿಲ್ಲ. ಎಂಜಿನ್ನಿನ ಶಕ್ತಿಯ ಹೆಚ್ಚು ಪಾಲು ಹಿಂದಿನ ಚಕ್ರಗಳಿಗೆ ಹೋಗುವ ಗಾಡಿಗಳಲ್ಲಿ ಈ ಪದ್ಧತಿ ಹೆಚ್ಚಿರುವುದಕ್ಕೆ ಇದೇ ಕಾರಣ. ವೇಗ ಹೆಚ್ಚಿಸಿದಾಗ ಭಾರವೂ ಹಿಂದಕ್ಕೆ ಸರಿಯುತ್ತದೆ. ಒಂದೇ ಟೈರು ಭಾರ ಹೊರಬೇಕು, ಗಾಡಿಯನ್ನು ತಳ್ಳಬೇಕು, ತಿರುವಿನಲ್ಲಿ ಹಿಡಿದೂ ಇರಬೇಕು.

ಅಗಲವಾದ ಟೈರು ನೆಲಕ್ಕೆ ಹೆಚ್ಚು ತಾಗುತ್ತದೆ ಎಂಬ ನಂಬಿಕೆಯೊಂದಿದೆ. ಅದು ಪೂರ್ತಿ ನಿಜವಲ್ಲ. ಟೈರು ನೆಲಕ್ಕೆ ತಾಗುವ ಜಾಗವನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿ. ಒಂದು ಚಕ್ರದ ಮೇಲೆ 600 ಕೆ.ಜಿ. ಭಾರ, ಒಳಗೆ 35 ಪಿಎಸ್‌ಐ ಗಾಳಿ ಇದ್ದರೆ ತಾಗುವ ಜಾಗ ಸುಮಾರು 240 ಚದರ ಸೆಂ.ಮೀ. ಟೈರು ಅಗಲವಾದರೂ ಇದು ಬಹಳ ಬದಲಾಗುವುದಿಲ್ಲ, ಬದಲಾಗುವುದು ಆಕಾರ. 20 ಸೆಂ.ಮೀ. ಅಗಲಕ್ಕೆ 12 ಸೆಂ.ಮೀ. ಉದ್ದವಿದ್ದ ಗುರುತು, 25 ಸೆಂ.ಮೀ. ಅಗಲಕ್ಕೆ ಹತ್ತು ಸೆಂ.ಮೀ. ಉದ್ದಕ್ಕೆ ಇಳಿಯುತ್ತದೆ. ಒಣ ಡಾಂಬರಿನ ತಿರುವಿನಲ್ಲಿ ಈ ಅಡ್ಡಗಲದ ಗುರುತು ಒಳ್ಳೆಯದು. ಮಳೆ ನೀರು ನಿಂತ ರಸ್ತೆಯಲ್ಲಿ ಇದೇ ಸಂಗತಿ ತಿರುಗಿಬೀಳುತ್ತದೆ. ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಗುರುತು ಮೋಟಾದದ್ದರಿಂದ ತಳ್ಳಲು ಸಿಗುವ ಹೊತ್ತೂ ಕಡಿಮೆ. ಸೋತ ಗಳಿಗೆಯಲ್ಲಿ ಟೈರು ನೀರಿನ ಮೇಲೆ ತೇಲುತ್ತದೆ. ಮುಂದಿನ ಟೈರು ನೀರು ಸರಿಸಿದ ಜಾಡಿನಲ್ಲೇ ಹಿಂದಿನದು ಬರುತ್ತದೆ ನಿಜ, ಆದರೆ ಅಗಲ ಹೆಚ್ಚಿದ ಹಿಂದಿನ ಟೈರಿನ ಅಂಚಿಗೆ ಆ ಅನುಕೂಲ ಪೂರ್ತಿ ಸಿಗದು. ಹಿಮ ಬೀಳುವ ದೇಶಗಳಲ್ಲಿ ಎಕ್ಸ್5ಗೆ ಬೇಸಿಗೆಯಲ್ಲಿ ಹಿಂದೆ ಅಗಲದ ಜೋಡಿ ಹಾಕಿದವರೂ ಚಳಿಗಾಲಕ್ಕೆ ಸಾಮಾನ್ಯವಾಗಿ ನಾಲ್ಕಕ್ಕೂ ಒಂದೇ ಅಳತೆ ಹಾಕುವುದು ಸುಮ್ಮನೆ ಅಲ್ಲ. ನಮ್ಮ ಘಟ್ಟದ ಮಳೆಗಾಲಕ್ಕೂ ಆ ಬುದ್ಧಿ ಸಲ್ಲುತ್ತದೆ.

ಎತ್ತರದ ಮಾತಿಗೆ ಮರಳೋಣ. ನನ್ನ ಮಟ್ಟಿಗೆ ವಿಷಯದ ತಿರುಳು ಅಲ್ಲಿದೆ. ಹಳ್ಳಿಯಲ್ಲಿ ಟ್ರ್ಯಾಕ್ಟರ್ ನೋಡಿದವರಿಗೆ ಒಂದು ಪ್ರಶ್ನೆ ಏಳಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಟ್ರ್ಯಾಕ್ಟರಿನಲ್ಲಿ ಹಿಂದೆ 14.9-28, ಮುಂದೆ 9.5-24 ಟೈರು ಇರುತ್ತದಲ್ಲ, ಅದು ಹೇಗೆ ಸರಿಹೋಗುತ್ತದೆ? ಮುಂದಿನ ಸಣ್ಣ ಚಕ್ರ ಹೆಚ್ಚು ಸುತ್ತಬೇಕು ಎಂಬ ಲೆಕ್ಕದಲ್ಲೇ ಅದರ ಗೇರುಗಳನ್ನು ಕಡೆದಿರುತ್ತಾರೆ. ಅದೂ ಮುಂದಿನ ಚಕ್ರ ಕೊಂಚ ಮುಂದೆ ಎಳೆಯುವ ಹಾಗೆ. ಉಳುವಾಗ ಸಡಿಲ ಮಣ್ಣು ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಗಟ್ಟಿ ಡಾಂಬರಿನಲ್ಲಿ ಮುಂದಿನ ಶಕ್ತಿ ಬಿಡಿಸದೆ ಓಡಿಸಿದರೆ ಮುಂದಿನ ಟೈರು ಬೇಗ ಸವೆದುಹೋಗುತ್ತದೆ. ಎಸ್‌ಯುವಿ ಓಡುವುದು ಡಾಂಬರಿನ ಮೇಲೆಯೇ. ಅದರ ಗೇರುಗಳು ಸಾಮಾನ್ಯವಾಗಿ ಹಿಂದೆ ಮುಂದೆ ಒಂದೇ ಲೆಕ್ಕದಲ್ಲಿರುತ್ತವೆ. ಹಾಗಾಗಿ ಎತ್ತರ ಸರಿಯಿರಬೇಕಾದ ಜವಾಬ್ದಾರಿಯೆಲ್ಲ ಟೈರಿನದು. ಸರಿಯಿಲ್ಲದಿದ್ದರೆ ಮುಂದಿನ ಆಕ್ಸಲ್ಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಪ್ಲೇಟುಗಳು ನೇರ ದಾರಿಯಲ್ಲೂ ಉಜ್ಜುತ್ತಲೇ ಇರುತ್ತವೆ. ಚಕ್ರಗಳ ವೇಗ ಅಳೆಯುವ ಸೆನ್ಸರುಗಳಿಗೆ ಯಾವುದೋ ಚಕ್ರ ಜಾರುತ್ತಿದೆ ಅನ್ನಿಸುತ್ತದೆ.

ಕೊಳ್ಳುವ ದಿನ ಸರಿಯಿದ್ದ ಎತ್ತರ ಸವೆತದಿಂದ ಕೆಡುತ್ತದೆ. ಹೊಸ ಟೈರಿನ ಗೀರು ಸುಮಾರು 8 ಮಿ.ಮೀ. ಆಳ. ಬದಲಿಸಲೇಬೇಕಾದ ಗುರುತು 1.6 ಮಿ.ಮೀ. ಅಷ್ಟು ಸವೆದಾಗ ಚಕ್ರದ ವ್ಯಾಸದಲ್ಲಿ 12.8 ಮಿ.ಮೀ. ಕಡಿಮೆಯಾಗಿರುತ್ತದೆ, ಎಕ್ಸ್5ರ ಚಕ್ರಕ್ಕೆ ಅದು ಶೇ. 1.7. ಹೊಸ ಚಕ್ರ ಕಿಲೋಮೀಟರಿಗೆ ಸುಮಾರು 422 ಸುತ್ತು ಸುತ್ತಿದರೆ ಸವೆದದ್ದು ಸುಮಾರು 430 ಸುತ್ತುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಷ್ಟರಲ್ಲಿ ಎರಡೂವರೆ ಸಾವಿರ ಸುತ್ತಿನ ಅಂತರ. ಎಂಜಿನಿಯರುಗಳು ಅರ್ಧ ಮಿಲಿಮೀಟರಿಗೆ ತಂದಿಟ್ಟ ಹೊಂದಾಣಿಕೆ ಒಂದು ಜೊತೆ ಟೈರು ಬದಲಿಸಿದಾಗ ಹೀಗೆ ಮಣ್ಣುಪಾಲಾಗಬಹುದು.

ನಾಲ್ಕೂ ಒಂದೇ ಅಳತೆಯ ಗಾಡಿಗೆ ಇದಕ್ಕೆ ಹಳೆಯ ಮದ್ದಿದೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ. ಫಾರ್ಚೂನರಿನ 265/60 ಆರ್18 ಅಳತೆಯಂತೆ ಸ್ಟೆಪ್ನಿಯೂ ಅದೇ ಆಗಿದ್ದರೆ ಐದನ್ನೂ ಸುತ್ತಿಸಬಹುದು. ಹಿಂದೆ ಅಗಲದ ಜೋಡಿ ಇರುವ ಗಾಡಿಗೆ ಈ ದಾರಿ ಮುಚ್ಚಿದೆ. ಟೈರಿನ ಜೊತೆಗೆ ರಿಮ್ಮಿನ ಅಗಲವೂ ಬೇರೆ, ಹಿಂದಿನದು ಮುಂದೆ ಕೂರದು. ಶಕ್ತಿ ಹಾಕುವ ಹಿಂದಿನ ಜೋಡಿ ಬೇಗ ಸವೆಯುತ್ತದೆ. ಆಗ ಎರಡನ್ನೇ ಬದಲಿಸೋಣ ಅನ್ನಿಸುವುದು ಸಹಜ, ದುಡ್ಡು ಚಿಕ್ಕದಲ್ಲವಲ್ಲ. ಒಳ್ಳೆಯ ಟೈರ್ ಅಂಗಡಿಯವನ ಬೆಲೆ ತಿಳಿಯುವುದು ಆ ಗಳಿಗೆಯಲ್ಲಿ. ಅವನು ಮೊದಲು ಗೀರಿನ ಆಳ ಅಳೆಯುವ ಗೇಜನ್ನು ಮುಂದಿನ ಟೈರಿನ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಇಳಿಸಿ ನೋಡುತ್ತಾನೆ. ಒಳಅಂಚು ಮಾತ್ರ ತಿಂದಿದ್ದರೆ ಅಲೈನ್‌ಮೆಂಟ್ ನೋಡದೆ ಹೊಸ ಟೈರು ಹಾಕುವುದಿಲ್ಲ. ಪಕ್ಕೆಯ ಮೇಲಿನ ನಾಲ್ಕಂಕಿಯ ತಾರೀಖು ಓದುತ್ತಾನೆ. 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಬಿಎಂಡಬ್ಲ್ಯುವಿಗೆಂದು ಒಪ್ಪಿದ ಟೈರಿನ ಮೇಲಿರುವ ನಕ್ಷತ್ರ, ಪೋರ್ಷೆಯದಾದರೆ ಎನ್0, ಎನ್1 ಗುರುತು ಹುಡುಕುತ್ತಾನೆ. ಕೊನೆಗೆ ಭಾರದ ಸಂಖ್ಯೆ: 107 ಇದ್ದರೆ ಒಂದು ಟೈರು 975 ಕೆ.ಜಿ. ಹೊರಬಲ್ಲದು, 111 ಇದ್ದರೆ 1,090 ಕೆ.ಜಿ. ಅಗಲ ಇಳಿಸಿ ನಾಲ್ಕನ್ನೂ ಒಂದೇ ಮಾಡಿಕೊಡಿ ಎಂದು ಕೇಳಿದವರಿಗೆ ಈ ಸಂಖ್ಯೆಯನ್ನು ತೋರಿಸಿ ಮಾತಾಡುವವನೇ ಕಸುಬು ಬಲ್ಲವನು. ಹಿಂದಿನ ಆಕ್ಸಲ್ ಹೊರಬೇಕಾದ ಭಾರಕ್ಕಿಂತ ಕಡಿಮೆ ಸಂಖ್ಯೆಯ ಟೈರನ್ನು ಅವನು ಕೂರಿಸುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಗಾಡಿ ಕೊಳ್ಳುವಾಗಲೇ ಆಯ್ಕೆಯಿದ್ದರೆ ನಾನು ನಾಲ್ಕೂ ಒಂದೇ ಅಳತೆಯ ಕಡೆಗೆ ವಾಲುತ್ತೇನೆ, ಅದರಲ್ಲೂ ಕರ್ನಾಟಕದಲ್ಲಿ ಓಡುವ ಗಾಡಿಗೆ. ಎಕ್ಸ್5ಗೇ 265/50 ಆರ್19 ಅಳತೆಯ ಸ್ಕ್ವೇರ್ ಜೋಡಣೆಯಿದೆ. ಅದರ ಪಕ್ಕೆ 132.5 ಮಿ.ಮೀ., 21 ಇಂಚಿನದಕ್ಕಿಂತ ಎರಡು ಸೆಂಟಿಮೀಟರಿಗೂ ಹೆಚ್ಚು ಎತ್ತರ. ಗುಂಡಿಗೆ ಬಿದ್ದಾಗ ರಿಮ್ಮನ್ನು ಕಾಯುವುದು ಆ ರಬ್ಬರು, ಆ ಗಾಳಿ. ಆಗುಂಬೆಯ 14 ತಿರುವುಗಳಲ್ಲಿ ಯಾರೂ ಹಿಂದಿನ ಟೈರಿನ ಪೂರ್ತಿ ಹಿಡಿತ ಕೇಳುವ ವೇಗಕ್ಕೆ ಹೋಗಬಾರದು, ಹೋಗಲು ಜಾಗವೂ ಇಲ್ಲ. ಮಲೆನಾಡಿನಲ್ಲಿ ಪಕ್ಕೆ ಸೀಳಿದರೆ 315/35 ಆರ್21 ಟೈರು ಹತ್ತಿರದ ಊರಿನ ಅಂಗಡಿಯಲ್ಲಿ ಸಿಗುವ ನಂಬಿಕೆ ಬೇಡ. ರನ್‌ಫ್ಲಾಟ್ ಆಗಿದ್ದರೂ ಗಾಳಿಯಿಲ್ಲದೆ ಅದು ಹೋಗುವುದು ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ದೂರ, ಅದೂ ಪಕ್ಕೆ ಗಟ್ಟಿಯಿದ್ದರೆ.

ಆದರೆ ಕಂಪನಿಯೇ ಹಿಂದೆ ಅಗಲದ ಜೋಡಿ ಕೊಟ್ಟಿರುವ, ಬಲವಾದ ಎಂಜಿನ್ನಿನ ಗಾಡಿ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಬದಲಿಸುವ ಗೋಜಿಗೆ ಹೋಗಬೇಡಿ. ಅದರ ಸಸ್ಪೆನ್ಷನ್, ಸ್ಟಿಯರಿಂಗ್, ಜಾರಾಟ ತಡೆಯುವ ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ಆ ಜೋಡಿಯ ಮೇಲೆಯೇ ಹದಗೊಳಿಸಿರುತ್ತಾರೆ. ಮುಂದೆ ಹಿಂದೆ ಒಂದೇ ಕಂಪನಿಯ ಒಂದೇ ಮಾದರಿಯ ಟೈರು ಇಟ್ಟುಕೊಳ್ಳಿ, ಸರ್ವಿಸಿಗೆ ಬಿಟ್ಟಾಗಲೆಲ್ಲ ನಾಲ್ಕೂ ಟೈರುಗಳ ಗೀರಿನ ಆಳವನ್ನು ಬರೆಸಿಕೊಳ್ಳಿ. ಹಿಂದಿನ ಜೋಡಿ ಮುಗಿಯುವ ಹೊತ್ತಿಗೆ ಮುಂದಿನದೂ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಲೇಸು. ಟ್ರಾನ್ಸ್‌ಫರ್ ಕೇಸ್ ರಿಪೇರಿಯ ಬಿಲ್ಲಿನ ಮುಂದೆ ಎರಡು ಟೈರಿನ ಬೆಲೆ ದೊಡ್ಡದಲ್ಲ.