ಸಂತೇಬೆನ್ನೂರಿನ ಹೊಂಡ

ಆಂಗ್ಲದೇಶದಲ್ಲಿ ವ್ಯಾಸಂಗಮಾಡುತ್ತಿರುವ ನಮ್ಮ ತಂಗಿಯ ಮಗಳು ಕಳೆದ ಶ್ರಾವಣಮಾಸದಲ್ಲಿ ದಾವಣಗೆರೆಗೆ ಬಂದಿದ್ದಳು. ಒಂದು ರಾತ್ರಿ ಭೋಜನಾನಂತರ ಮಂಡಿಪೇಟೆಯ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು, ತಾನು ನೋಡಿಬಂದ ಬಾತ್ ಎಂಬ ಪಟ್ಟಣದ ಚಿತ್ರಗಳನ್ನು ಒಂದೊಂದಾಗಿ ತೋರಿಸತೊಡಗಿದಳು. ಆ ಊರಿನ ಹೆಸರಿಗೇ ಸ್ನಾನವೆಂದರ್ಥ. ಅಲ್ಲಿ ಭೂಗರ್ಭದಿಂದ ಸುಮಾರು ೪೬ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರು ದಿನಕ್ಕೆ ೧೧ ಲಕ್ಷ ಲೀಟರಿಗೂ ಮಿಕ್ಕು ಉಕ್ಕಿಬರುತ್ತಿರುವುದು. ರೋಮನರು ಅದಕ್ಕೆ ಕಲ್ಲಿನ ಕೊಳವನ್ನು ಕಟ್ಟಿ, ಸುಲಿಸ್ ಎಂಬ ಸ್ಥಳದೇವತೆಯನ್ನು ತಮ್ಮ ಮಿನರ್ವಾದೇವಿಯೊಡನೆ ಒಂದುಗೂಡಿಸಿ ಪೂಜಿಸಿದರು. ಹದಿನೆಂಟನೆಯ ಶತಮಾನದಲ್ಲಿ ವಾತರೋಗಿಗಳೂ ವಿನೋದಾರ್ಥಿಗಳೂ ಸಮಸಂಖ್ಯೆಯಲ್ಲಿ ಬಂದು ನೆರೆಯುತ್ತಿದ್ದರು. ಜೇನ್ ಆಸ್ಟೆನ್ ಎಂಬ ಪ್ರಸಿದ್ಧ ಕಾದಂಬರಿಕಾರ್ತಿಯು ೧೮೦೧ರಿಂದ ೧೮೦೬ರವರೆಗೆ ಅಲ್ಲಿ ವಾಸವಾಗಿದ್ದಳು. ನಮಗೆ ರುಚಿಸಿದ್ದು ಬೇರೊಂದು ಸಂಗತಿ. ಸ್ನಾನಕ್ಕಿಳಿದಾಗ ಬಟ್ಟೆ ಕಳೆದುಕೊಂಡ ರೋಮನರ ಕಾಲದ ಜನರು, ಕಳ್ಳನಿಗೆ ಹಾಕಿದ ಶಾಪವನ್ನು ಸೀಸದ ತಗಡುಗಳಲ್ಲಿ ಬರೆದು ಆ ನೀರಿಗೆ ಎಸೆಯುತ್ತಿದ್ದರಂತೆ! ಅಂತಹ ತಗಡುಗಳು ನೂರಕ್ಕೂ ಮಿಕ್ಕು ದೊರೆತಿವೆ. ದೇವಸ್ಥಾನದ ಬಾಗಿಲಲ್ಲಿ ಪಾದರಕ್ಷೆಯನ್ನು ಕಳೆದುಕೊಂಡ ನಮ್ಮವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ.

“ಮಾವಾ, ಅವರಿಗೆ ಸುಲಿಸ್, ನಮಗೆ ಸೂಳೆಕೆರೆ, ಎರಡೂ ಒಂದೇ ಮಾತಿರಬಹುದೇ?” ಎಂದು ಹುಡುಗಿ ನಕ್ಕಳು. ಧ್ವನಿಸಾಮ್ಯವನ್ನು ನೋಡಿ ನೆಂಟಸ್ತನ ಬೆಳೆಸುವುದು ವ್ಯಾಕರಣಕ್ಕೆ ಅಪಚಾರವೆಂದು ನಾವು ತಿಳಿಯಹೇಳಿದೆವು. ಆಗ ಅವಳು, “ಅದಿರಲಿ, ಸಂತೇಬೆನ್ನೂರಿನ ಹೊಂಡವನ್ನಾದರೂ ತಾವು ನೋಡಿದ್ದೀರಷ್ಟೆ?” ಎಂದಳು. ನಾವು ನೋಡಿರಲಿಲ್ಲ. ಮೂವತ್ತು ವರ್ಷಕ್ಕೂ ಮೀರಿ ಇದೇ ಸೀಮೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ನಮಗೆ ಆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ಅದಕ್ಕೆ ಬೇರೊಂದು ಕಾರಣವೂ ಉಂಟು.

ನಾವು ಉಪಾಧ್ಯಾಯವೃತ್ತಿಯನ್ನು ಹಿಡಿದ ಹೊಸತರಲ್ಲಿ, ಎಂಟನೆಯ ತರಗತಿಯ ಮಕ್ಕಳಿಗೆ “ನಮ್ಮ ಊರು” ಎಂಬ ವಿಷಯವಾಗಿ ಪ್ರಬಂಧವನ್ನು ಬರೆಯಹೇಳಿದ್ದೆವು. ಹಳ್ಳಿಯ ಕಡೆಯಿಂದ ಬಂದು ಬಂಧುಗಳ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಒಬ್ಬ ಬಡಹುಡುಗನು, “ನಮ್ಮ ಊರಲ್ಲಿ ನೀರಿನ ಮಧ್ಯದಲ್ಲಿ ಒಂದು ಅರಮನೆ ನಿಂತಿದೆ, ಅದಕ್ಕೆ ದಾರಿ ಇಲ್ಲ” ಎಂದು ಬರೆದನು. ನಾವು ಕೆಂಪುಮಸಿಯಿಂದ “ಸುಳ್ಳು ಬರೆಯಬಾರದು” ಎಂದು ಗೀಚಿ, ಸೊನ್ನೆಯನ್ನಿಟ್ಟು, ತರಗತಿಯ ಮುಂದೆ ಅವನನ್ನು ನಿಲ್ಲಿಸಿ ಆ ವಾಕ್ಯವನ್ನು ಓದಿಸಿದೆವು. ಮಕ್ಕಳು ನಕ್ಕರು. ಅವನು ಅಳಲಿಲ್ಲ, “ಇದೆ ಸಾರ್” ಎಂದಷ್ಟೇ ಹೇಳಿದನು.

ಮರುದಿನವೇ ಹೊರಟೆವು. ನಮ್ಮ ಗೃಹಿಣಿಯು ಮಂಡಕ್ಕಿಯನ್ನೂ ಮೊಸರನ್ನದ ಡಬ್ಬಿಯನ್ನೂ ಕಟ್ಟಿಕೊಂಡಳು. ಚನ್ನಗಿರಿಯ ಮಾರ್ಗವನ್ನು ಹಿಡಿದು ಪೇಟೆಯ ಧೂಳನ್ನು ದಾಟುತ್ತಲೇ ಭದ್ರಾ ನಾಲೆಯ ನೀರುಂಡ ಗದ್ದೆಗಳೂ, ಮುಂದೆ ಹೋದಂತೆ ಅಡಕೆಯ ತೋಟಗಳೂ ಕಣ್ಣಿಗೆ ತಂಪನ್ನುಂಟುಮಾಡಿದವು. ಒಂದು ಗಂಟೆಯೊಳಗಾಗಿ ಊರು ಸಿಕ್ಕಿತು. ಇಷ್ಟು ಸಮೀಪವಾಗಿತ್ತೆಂಬುದೇ ನಮಗೆ ಮೊದಲ ಶಿಕ್ಷೆಯಾಯಿತು.

ಬಾಗಿಲನ್ನು ದಾಟಿ ಒಳಹೊಕ್ಕಾಗ ಎದುರಿಗೆ ಚೌಕವಾದ ದೊಡ್ಡ ಹೊಂಡ. ಪಕ್ಕವೊಂದಕ್ಕೆ ಸುಮಾರು ೨೪೦ ಅಡಿ ಇರಬಹುದು. ನಾಲ್ಕು ಕಡೆಯೂ ಕಲ್ಲಿನ ಸೋಪಾನಗಳು ಇಳಿದಿವೆ. ಮೂಲೆಗಳಲ್ಲಿಯೂ ಪಕ್ಕಗಳ ನಡುವೆಯೂ ಒಟ್ಟು ಎಂಟು ಮಂಟಪಗಳಿದ್ದವಂತೆ. ಈಗ ಉಳಿದಿರುವುವು ಆರು. ನಟ್ಟನಡುವೆ, ಹಸಿರುನೀರಿನಿಂದ ಎದ್ದು ಬಂದಂತೆ, ಅಂತಸ್ತಿನ ಮೇಲೆ ಅಂತಸ್ತು ಕಿರಿದಾಗುತ್ತ ಹೋಗುವ ವಸಂತಮಂಟಪ. ದಂಡೆಯಿಂದ ಅದಕ್ಕೆ ಸೇತುವೆಯಿಲ್ಲ, ಮೆಟ್ಟಿಲಿಲ್ಲ. ಹುಡುಗನು ಬರೆದಿದ್ದ ಮಾತು ಅಕ್ಷರಶಃ ನಿಜವಾಗಿತ್ತು. ನಾವು ಮೆಟ್ಟಿಲ ಮೇಲೆ ಕುಳಿತುಬಿಟ್ಟೆವು. ಗೃಹಿಣಿಯು ಬಿಸಿಲಿನ ಆಯಾಸವೆಂದು ತಿಳಿದು ನೀರು ಕೊಟ್ಟಳು.

ಇದನ್ನು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದವನು ಪಾಳೆಯಗಾರ ಹನುಮಪ್ಪನಾಯಕನು. ದಂಡೆಯ ಮೇಲೆ ರಂಗನಾಥಸ್ವಾಮಿಯ ಗುಡಿಯಿತ್ತು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಊರನ್ನು ಗೆದ್ದ ತರುವಾಯ ಗುಡಿ ಅಳಿದು, ಮುಸಾಫಿರ್‌ಖಾನೆ ಎಂದು ಜನರು ಕರೆಯುವ ವಿಶಾಲವಾದ ಕಟ್ಟಡವು ಎದ್ದಿತು. ಗೆದ್ದವರೂ ಸೋತವರೂ ಹೋದರು. ಹೊಂಡವನ್ನು ಮಾತ್ರ ಯಾರೂ ಮುಚ್ಚಲಿಲ್ಲ. ಜನರು ಇದನ್ನು ಪುಷ್ಕರಣಿ ಎನ್ನುತ್ತಾರೆ. ಪುಷ್ಕರವೆಂದರೆ ತಾವರೆ, ಅದುಳ್ಳದ್ದು ಪುಷ್ಕರಿಣಿ ಎಂಬುದೇ ಶುದ್ಧರೂಪವೆಂದು ತಿದ್ದಲು ಬಾಯಿ ತೆರೆದವರು, ಆ ದಿವಸ ತಿದ್ದುವ ಅಧಿಕಾರ ನಮಗಿಲ್ಲವೆಂದು ಸುಮ್ಮನಾದೆವು. ಸ್ನಾನಕ್ಕೆ ಯಾರೂ ಇಳಿದಿರಲಿಲ್ಲ. ಬಿಸಿನೀರಿನ ಬುಗ್ಗೆಯೇ ಬೇಕೆಂಬವರು ಪುತ್ತೂರು ತಾಲ್ಲೂಕಿನ ಇರ್ದೆಯ ಬೇಂದ್ರುತೀರ್ಥಕ್ಕೆ ಹೋಗಬೇಕಲ್ಲದೆ ಇಲ್ಲಿಗಲ್ಲ, ಇಲ್ಲಿಯದು ತಣ್ಣೀರು.

ಊರಲ್ಲಿ ಚಹದಂಗಡಿಯ ಮುದುಕರೊಬ್ಬರನ್ನು ಆ ಹುಡುಗನ ವಿಷಯವಾಗಿ ವಿಚಾರಿಸಿದೆವು. “ಹೆಸರೇನು ಸ್ವಾಮಿ?” ಎಂದರು. ಅವನ ಹೆಸರು ನಮಗೆ ನೆನಪಾಗಲಿಲ್ಲ. ಸಾವಿರಾರು ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಾಲಗೆಯು ಅಲ್ಲಿ ತೊದಲಿತು.

ಅಪರಾಹ್ನ ಸೂಳೆಕೆರೆಗೆ ಹೋದೆವು. ಶಾಂತಿಸಾಗರವೆಂಬುದು ಅದರ ಇನ್ನೊಂದು ಹೆಸರು. ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಒಂದು ಏರಿಯನ್ನು ಹಾಕಿ ಇಷ್ಟು ದೊಡ್ಡ ಸಮುದ್ರವನ್ನು ನಿಲ್ಲಿಸಿದವರ ಧೈರ್ಯಕ್ಕೆ ಬೆರಗಾಗಬೇಕು. ರಾಜಪುತ್ರಿ ಶಾಂತವ್ವೆಯು ಕಟ್ಟಿಸಿದಳೆಂದು ಐತಿಹ್ಯ. ಹೆಸರಿನ ಕಥೆಯನ್ನು ಒಬ್ಬೊಬ್ಬರು ಒಂದೊಂದು ವಿಧವಾಗಿ ಹೇಳುವರು. ತೂಬುಗಳಿಗೆ ಸಿದ್ಧ, ಬಸವ ಎಂಬ ಹೆಸರುಗಳು. ಚಿತ್ರದುರ್ಗದ ನಗರವಾಸಿಗಳು ಕುಡಿಯುವುದೂ ಈ ನೀರನ್ನೇ.

ಇಲ್ಲಿಂದ ಹೊರಡುವ ಹರಿದ್ರಾ ಎಂಬ ಹಳ್ಳವು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವುದು. ಆ ಸಂಗಮದಿಂದಲೇ ಹರಿಹರಕ್ಕೆ ಕೂಡಲೂರೆಂಬ ಹಳೆಯ ಹೆಸರು ಬಂದಿತು. ಹರಿದ್ರಾ ಎಂದರೆ ಅರಿಸಿನ. ಶ್ರಾವಣದ ಬಗ್ಗಡವನ್ನು ನೋಡಿದವರಿಗೆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಮರುದಿನ ಹರಿಹರಕ್ಕೂ ಹೋಗಿ, ೧೨೨೪ರಲ್ಲಿ ಹೊಯ್ಸಳ ನರಸಿಂಹನ ದಂಡನಾಯಕ ಪೊಲಾಳ್ವನು ಕಟ್ಟಿಸಿದ ದೇಗುಲದಲ್ಲಿ, ಅರ್ಧಾಂಗದಲ್ಲಿ ಹರನೂ ಅರ್ಧಾಂಗದಲ್ಲಿ ಹರಿಯೂ ಆಗಿ ನಿಂತ ಸ್ವಾಮಿಯ ದರ್ಶನವನ್ನು ಮಾಡಿದೆವು. ತಂಗಿಯ ಮಗಳು ಹೊಳೆಯ ದಂಡೆಯಲ್ಲಿ ನಿಂತು ಬಾತಿನ ಗೆಳತಿಯರಿಗೆ ಚಿತ್ರಗಳನ್ನು ಕಳುಹಿಸಿದಳು.

ಈ ಪತ್ರಿಕೆಯು ಚನ್ನಗಿರಿ ಸೀಮೆಯ ಮನೆಗಳಿಗೂ ಹೋಗುವುದೆಂದು ಬಲ್ಲೆವು. ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನು ಇದನ್ನು ಓದಿದ ಪಕ್ಷದಲ್ಲಿ, ಆ ಪ್ರಬಂಧಕ್ಕೆ ಹತ್ತಕ್ಕೆ ಎಂಟು ಅಂಕಗಳನ್ನು ಕೊಟ್ಟಿರುವೆವೆಂದು ತಿಳಿಯಲಿ. ಕಳೆದ ಎರಡು ಅಂಕಗಳು ಕಾಗುಣಿತದವು. ಅಲ್ಲಿ ತಪ್ಪುಗಳಿದ್ದುದಂತೂ ನಮಗೆ ಚೆನ್ನಾಗಿ ನೆನಪಿದೆ.