ಹೃದಯ ಸೋತಾಗ ಕಿಡ್ನಿ ಹೇಳುವುದೇನು?

ಬೆಂಗಳೂರಿನ ಬ್ರೂಕ್‌ಫೀಲ್ಡ್, ಕುಂದಲಹಳ್ಳಿ ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಹಾಸನ, ದಾವಣಗೆರೆ, ಕಲಬುರಗಿ ಕಡೆಯಿಂದ ಮಕ್ಕಳ ಮನೆಗೆ ಬಂದು ನೆಲೆಸಿದ ಹಿರಿಯರಿದ್ದಾರೆ. ಅಂಥವರೊಬ್ಬರಿಗೆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಕೊಂಚ ಹಗುರ. ಕಾಲು ಬಾತುಕೊಂಡು ಚಪ್ಪಲಿ ಹಿಡಿಯುವುದಿಲ್ಲ ಎಂದಿಟ್ಟುಕೊಳ್ಳಿ. ಎಮರ್ಜೆನ್ಸಿಯ ವೈದ್ಯರು ಇಸಿಜಿ, ಎಕ್ಸ್‌ರೇ ನೋಡಿ, ‘ಹಾರ್ಟ್ ಫೇಲ್ಯೂರ್’ ಎಂದವರೇ, ‘ಇವರ ಕ್ರಿಯಾಟಿನಿನ್ ಮೊದಲು ಎಷ್ಟಿತ್ತು?’ ಎಂದು ಕೇಳುತ್ತಾರೆ (ಕಿಡ್ನಿಯ ಕೆಲಸ ಅಳೆಯುವ ರಕ್ತಪರೀಕ್ಷೆ ಅದು). ಫೈಲು ಊರಿನ ಬೀರುವಿನಲ್ಲಿರುತ್ತದೆ. ಇವತ್ತಿನ 1.8 ಹೊಸದೋ ಹಳೆಯದೋ ಎಂಬುದರ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಆದ್ದರಿಂದ ಹಳೆಯ ರಕ್ತಪರೀಕ್ಷೆಯ ಫೋಟೊ ಮಕ್ಕಳ ಮೊಬೈಲಿನಲ್ಲಿ ಇರಲೇಬೇಕು.

ಹೃದಯದ ಕಾಯಿಲೆಗೆ ಕಿಡ್ನಿಯ ಲೆಕ್ಕವೇಕೆ? ಎರಡೂ ಕಿಡ್ನಿ ಸೇರಿದರೆ ಸುಮಾರು 300 ಗ್ರಾಂ. ಆದರೂ ಹೃದಯ ನಿಮಿಷಕ್ಕೆ ಹೊರಹಾಕುವ ಸುಮಾರು 5 ಲೀಟರ್ ರಕ್ತದಲ್ಲಿ ಐದರಲ್ಲೊಂದು ಪಾಲು ಅವಕ್ಕೇ ಹೋಗುತ್ತದೆ. ಹೃದಯ ಸೋತರೆ ಈ ಪಾಲು ಕಡಿಮೆಯಾಗಿ ಕಿಡ್ನಿ ಬಳಲುತ್ತದೆ ಎಂಬುದು ಹಳೆಯ ವಿವರಣೆ. ಅದು ಅರ್ಧ ಸತ್ಯ. ಹೃದಯದತ್ತ ಮರಳಬೇಕಾದ ರಕ್ತ ಅಭಿಧಮನಿಗಳಲ್ಲೇ ತುಂಬಿ ನಿಂತಾಗ ಕಿಡ್ನಿಯೊಳಗೂ ಒತ್ತಡ ಏರುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ರಾಜಕಾಲುವೆ ತುಂಬಿದಾಗ ಬಡಾವಣೆಯ ಚರಂಡಿ ನೀರು ಮುಂದೆ ಸಾಗದೆ ಹಿಂದಕ್ಕೇ ಉಕ್ಕಿದ್ದನ್ನು ಈ ಭಾಗದವರು ಮರೆತಿಲ್ಲ. ಕಿಡ್ನಿಯ ಪಾಡೂ ಅದೇ. ಅಭಿಧಮನಿಯ ಒತ್ತಡ ಏರಿಸಿದರೆ ಮೂತ್ರ ಕಡಿಮೆಯಾಗುತ್ತದೆಂದು ಎಫ್. ಆರ್. ವಿಂಟನ್ 1931ರಲ್ಲೇ ಪ್ರಯೋಗದಲ್ಲಿ ತೋರಿಸಿದ್ದರು. ಆಸ್ಪತ್ರೆಯ ರೋಗಿಗಳಲ್ಲಿ ಇದರ ತೂಕ ಎಷ್ಟೆಂದು 2009ರಲ್ಲಿ ಕ್ಲೀವ್‌ಲ್ಯಾಂಡಿನ ವೈದ್ಯರು ಮತ್ತೆ ಎತ್ತಿ ಹೇಳಬೇಕಾಯಿತು.

ಬದುಕುಳಿಯುವ ಸಾಧ್ಯತೆಯನ್ನು ಕಿಡ್ನಿ ಎಷ್ಟು ಮುಂಚೆ ಹೇಳಿಬಿಡುತ್ತದೆ ಎಂಬುದಕ್ಕೆ ಹಾರ್ಟ್ ಫೇಲ್ಯೂರ್ ರೋಗಿಗಳ ಬಗೆಗಿನ ಅಮೆರಿಕದ ‘ಅಡ್‌ಹಿಯರ್’ ದಾಖಲಾತಿ ಸಾಕ್ಷಿ. 2005ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯಲ್ಲಿ 39 ಅಂಶಗಳನ್ನು ಜಾಲಾಡಿದಾಗ ಮುಂದೆ ನಿಂತವು ಮೂರು: ರಕ್ತದ ಯೂರಿಯಾ ನೈಟ್ರೋಜನ್, ಮೇಲಿನ ಬಿಪಿ, ಕ್ರಿಯಾಟಿನಿನ್. ಮೂರರಲ್ಲಿ ಎರಡು ಕಿಡ್ನಿಯವೇ! ಯೂರಿಯಾ ನೈಟ್ರೋಜನ್ 43 ದಾಟಿ, ಬಿಪಿ 115ಕ್ಕಿಂತ ಇಳಿದು, ಕ್ರಿಯಾಟಿನಿನ್ 2.75 ಮುಟ್ಟಿದವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ನೂರಕ್ಕೆ ಸುಮಾರು 22. ಯೂರಿಯಾ ಕಡಿಮೆಯಿದ್ದು ಬಿಪಿ ಚೆನ್ನಾಗಿದ್ದವರಲ್ಲಿ ಸುಮಾರು 2. (ನಮ್ಮ ಎಷ್ಟೋ ಲ್ಯಾಬುಗಳು ಬರೀ ‘ಬ್ಲಡ್ ಯೂರಿಯಾ’ ಬರೆಯುತ್ತವೆ, ಆ ಅಳತೆಯಲ್ಲಿ 43 ಎಂದರೆ ಸುಮಾರು 92.) ನೆರೆಯ ಕೇರಳದಲ್ಲಿ 2013ರಲ್ಲಿ 1,205 ರೋಗಿಗಳನ್ನು ದಾಖಲಿಸಿದ ತಿರುವನಂತಪುರದ ಅಧ್ಯಯನದಲ್ಲೂ ಹೆಚ್ಚಿನ ಕ್ರಿಯಾಟಿನಿನ್ ಇದ್ದವರಿಗೆ 90 ದಿನಗಳೊಳಗಿನ ಸಾವಿನ ಅಪಾಯ ಹೆಚ್ಚಿತ್ತು.

ಮನೆಯವರು ಹೆದರುವುದು ಇನ್ನೊಂದು ಗಳಿಗೆಯಲ್ಲಿ. ಲ್ಯಾಸಿಕ್ಸ್ ಕೊಟ್ಟು ನೀರು ಇಳಿಸುವಾಗ ಕ್ರಿಯಾಟಿನಿನ್ ಒಂದಿಷ್ಟು ಏರಿತೆಂದರೆ, ‘ಡಾಕ್ಟ್ರೇ, ಕಿಡ್ನಿ ಹೋಗುತ್ತೆ, ನಿಲ್ಲಿಸಿಬಿಡಿ’ ಎನ್ನುತ್ತಾರೆ. ಊತ ಇಳಿಯುತ್ತಾ, ಉಸಿರು ಸಲೀಸಾಗುತ್ತಾ, ತೂಕ ಕಡಿಮೆಯಾಗುತ್ತಾ ಇದ್ದರೆ ಆ ಸಣ್ಣ ಏರಿಕೆ ಸಾಮಾನ್ಯವಾಗಿ ಕೇಡಿನ ಸೂಚನೆಯಲ್ಲ. 308 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ‘ಡೋಸ್’ ಪ್ರಯೋಗದಲ್ಲಿ ಹೆಚ್ಚು ಪ್ರಮಾಣದ ಔಷಧಿ ಪಡೆದವರ ಕಿಡ್ನಿ ಕೆಲಸ ಕೆಲದಿನ ಕುಗ್ಗಿತ್ತು, 60 ದಿನಗಳ ಹೊತ್ತಿಗೆ ಎರಡು ಗುಂಪುಗಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಕ್ರಿಯಾಟಿನಿನ್ನೂ ಏರಿ, ನೀರೂ ಇಳಿಯದೆ ಉಳಿದರೆ ಮಾತ್ರ ನಿಜವಾದ ಆತಂಕ. ಔಷಧಿ ನಿಲ್ಲಿಸಬೇಕೋ ಹೆಚ್ಚಿಸಬೇಕೋ ಎಂಬುದನ್ನು ರೋಗಿಯ ಮೈಮುಟ್ಟಿ ನೋಡಿದ ವೈದ್ಯರೇ ಹೇಳಬೇಕು.

ಡಿಸ್ಚಾರ್ಜ್ ಆದ ಮೇಲೆ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಆಸ್ಪತ್ರೆಗೆ ಫೋನ್ ಮಾಡಿ. ವೈದ್ಯರು ಹೇಳಿದ ದಿನ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ತಪ್ಪಿಸಬೇಡಿ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು: ಅವು ನೀರು, ಉಪ್ಪನ್ನು ಮೈಯಲ್ಲೇ ಹಿಡಿದಿಡುತ್ತವೆ, ಕಿಡ್ನಿಯ ರಕ್ತಪೂರೈಕೆಯನ್ನೂ ತಗ್ಗಿಸುತ್ತವೆ. ಉಪ್ಪು ಬಿಡಿಸಲೆಂದು ಮಕ್ಕಳು ಪ್ರೀತಿಯಿಂದ ತರುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ದುರ್ಬಲವಾಗಿದ್ದು ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್‌ನಂಥ ಮಾತ್ರೆ ನಡೆಯುತ್ತಿದ್ದರೆ ಆ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಅದನ್ನು ಅಡುಗೆಮನೆಗೆ ತರುವ ಮೊದಲು ವೈದ್ಯರನ್ನು ಕೇಳಿ.